ಹೊಗೆ ಹೊರಗೆ ಹೋಗಲಿ

ನಮ್ಮ ಹುಣಸಗಿ ಕಡೆ ನಾರಾಯಣಪುರದ ಕಾಲುವೆ ನೀರು ಬಂತು. ಭತ್ತ ಬೆಳೆಯಿತು. ಭತ್ತದ ರಾಶಿ, ತೊಗರಿ ರಾಶಿ, ಆಮೇಲೆ ಜೋಳದ ರಾಶಿ. ರಾಶಿ ಬಂತೆಂದರೆ ಧೂಳು. ಧೂಳು ಬಂತೆಂದರೆ ಸೀನು, ಕೆಮ್ಮು, ದಮ್ಮು.

ನಮ್ಮ ಓಣಿಯಲ್ಲಿ ಒಂದು ಮನೆ. ನಾಲ್ಕು ವರ್ಷದ ಕೂಸು. ರಾತ್ರಿಯಾದರೆ ಕೆಮ್ಮು. ಎದೆಯಲ್ಲಿ ಸುಂಯ್ ಸುಂಯ್ ಸಪ್ಪಳ.

"ಹೊರಗಿನ ಧೂಳು ಒಳಗ ಬರತದ. ಬಾಗಿಲಾ ಹಾಕವ್ವ" ಅಂದಳು ಅತ್ತೆ.

ಸೊಸೆ ಬಾಗಿಲು ಹಾಕಿದಳು. ಬೆಳಕಿಂಡಿಗೆ ಗೋಣಿಚೀಲ ಮುಚ್ಚಿದಳು. ಕೆಮ್ಮು ಕಡಿಮೆ ಆಗಲಿಲ್ಲ. ಹೆಚ್ಚಾಯಿತು. ಯಾಕೆ?

ಒಳಗೆ ಒಲೆ ಉರಿಯುತ್ತಿತ್ತು. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕುಳ್ಳು. ತಾಯಿ ರೊಟ್ಟಿ ಬಡಿಯುವಾಗ ಕೂಸು ಪಕ್ಕದಲ್ಲೇ ಕೂತಿರುತ್ತಿತ್ತು. ಹೊಗೆಯೊಳಗೆ ಕಣ್ಣಿಗೆ ಕಾಣದ ಸಣ್ಣ ಕಣ ಇರುತ್ತವೆ. ಅವು ಎದೆಯ ಆಳಕ್ಕೆ ಇಳಿಯುತ್ತವೆ. 2020ರಲ್ಲಿ ಮನೆಯೊಳಗಿನ ಇಂಥ ಹೊಗೆಯಿಂದ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು. ಇದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ಅತ್ತೆಯದು ಪೂರ್ತಿ ತಪ್ಪಲ್ಲ ಅನ್ನಿ. ರಾಶಿ ಮಾಡುವ ಹೊತ್ತಿನಲ್ಲಿ ಗಾಳಿ ಬೀಸುವ ಕಡೆಯ ಬಾಗಿಲು ಹಾಕಬೇಕು. ಆದರೆ ಅಡಿಗೆ ಹೊತ್ತಿನಲ್ಲಿ ಬೆಳಕಿಂಡಿ ತೆರೆಯಲೇಬೇಕು.

2016ರಲ್ಲಿ ಉಜ್ವಲ ಯೋಜನೆ ಬಂತು. ಹೆಣ್ಣುಮಕ್ಕಳ ಹೆಸರಿಗೆ ಗ್ಯಾಸ್ ಬಂತು. ಆದರೆ ಸಿಲಿಂಡರ್ ತುಂಬಿಸಲು ರೊಕ್ಕ ಬೇಕಲ್ಲ? ಎಷ್ಟೋ ಮನೆಯಲ್ಲಿ ಅದು ಮೂಲೆಯಲ್ಲೇ ಕೂತಿದೆ. ಅದಕ್ಕೆ ನಾವು ಯಾರನ್ನೂ ಬೈಯುವುದಿಲ್ಲ. ಕೂಸಿಗೆ ಕೆಮ್ಮು ಇದ್ದ ದಿನವಾದರೂ ಗ್ಯಾಸ್ ಹಚ್ಚೋಣ. ಒಲೆಯೇ ಗತಿ ಅಂದರೆ ಕೊಳವೆ ಇರುವ ಒಲೆ ಕಟ್ಟಿಸೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಅಸ್ತ್ರ ಒಲೆ ಮಾಡಿದರು. ಅದಕ್ಕೆ ಕಟ್ಟಿಗೆ ಕಡಿಮೆ ಸಾಕು. ಹೊಗೆ ಕೊಳವೆಯಿಂದ ಮಾಳಿಗೆ ಮೇಲೆ ಹೋಗುತ್ತದೆ. ಕೊಳವೆಯ ಮಸಿ ಮಾತ್ರ ಆಗಾಗ ತೆಗೆಯಬೇಕು. ಇಲ್ಲಾಂದ್ರೆ ಹೊಗೆ ತಿರುಗಿ ಒಳಗೇ ಬರತದ.

ಆ ಸೊಸೆಗೆ ಅದೂ ಆಗಲಿಲ್ಲ. ಒಲೆಯನ್ನೇ ಅಂಗಳದ ಚಪ್ಪರಕ್ಕೆ ಒಯ್ದಳು. ನೀರು ಚಿಮುಕಿಸಿ ಕಸ ಗುಡಿಸಿದಳು. ಕೌದಿ ಬಿಸಿಲಿಗೆ ಹಾಕಿ, ಕೂಸು ಇಲ್ಲದಾಗ ಬಡಿದಳು. ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಿದಳು. ಬತ್ತಿಯ ಹೊಗೆಯೂ ಹೊಗೆಯೇ. ಹಿತ್ತಲಿನ ಕಾಂಗ್ರೆಸ್ ಕಸವನ್ನು ಹೂವಾಗುವ ಮೊದಲೇ ಕಿತ್ತಳು. ಕೈಗೆ ಚೀಲ ಕಟ್ಟಿಕೊಂಡು ಕಿತ್ತಳು, ಬರಿಗೈಲಿ ಕಿತ್ತರೆ ತುರಿಕೆ.

ಕೆಮ್ಮು ಕಡಿಮೆ ಆಯಿತು. ದಮ್ಮು ಪೂರ್ತಿ ಹೋಗಲಿಲ್ಲ. ಡಾಕ್ಟರು ಬಾಯಿಂದ ಎಳೆದುಕೊಳ್ಳುವ ಔಷಧಿ ಕೊಟ್ಟರು. "ಚಟ ಹತ್ತತದೇನೊ" ಅಂತ ಅತ್ತೆ ಅಂಜಿದಳು. ಚಟ ಹತ್ತುವುದಿಲ್ಲ. ಡಾಕ್ಟರು ಹೇಳುವ ತನಕ ಬಿಡಬಾರದು.

ಕೂಸು ಉಸಿರೆಳೆದಾಗ ಪಕ್ಕೆ ಒಳಗೆ ಹೋದರೆ, ತುಟಿ ನೀಲಿಯಾದರೆ, ಬೆಳಗಾಗಲಿ ಅಂತ ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.