ಹುಡುಗಿಯರು ಏಕೆ ಹೇಳುವುದಿಲ್ಲ?



ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಹಳ್ಳಿಗಳಿಂದ ಹೆಣ್ಣುಮಕ್ಕಳು ದಿನಾಲು ಬಸ್ಸು ಹತ್ತಿ ಶಾಲೆಗಳಿಗೆ ಬರುತ್ತಾರೆ. ಅವರ ಓದುಬರಹ, ಅಂಕಗಳ ವಿಷಯವಾಗಿ ಇಂಥ ಸಂಚಿಕೆಗಳಲ್ಲಿ ಬರೆಯುವುದು ವಾಡಿಕೆ. ಈ ಸಲ ನಾವು ಅವರು ನುಡಿಯದೆ ನುಂಗಿಕೊಳ್ಳುವ ಮಾತಿನ ವಿಷಯವಾಗಿ ಬರೆಯುತ್ತೇವೆ. ದಾರಿಯಲ್ಲಾಗಲಿ, ಮನೆಯಲ್ಲಾಗಲಿ, ಶಾಲೆಯಲ್ಲಿಯೇ ಆಗಲಿ, ಒಬ್ಬನು ಹಿಂಬಾಲಿಸಿ, ಮೈಮುಟ್ಟಿ, ಹೆದರಿಸಿ ಪೀಡಿಸಿದಾಗ ಹುಡುಗಿಯು ಅದನ್ನು ಏಕೆ ಹೇಳುವುದಿಲ್ಲ?

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುವೆವು. ಕೆಲವು ವರ್ಷಗಳ ಹಿಂದೆ ಚುರುಕಾದ ಹುಡುಗಿಯೊಬ್ಬಳು ಹಿಂದಿನ ಬೆಂಚಿಗೆ ಸರಿದು, ಪಾಠದಲ್ಲಿ ಲಕ್ಷ್ಯವಿಲ್ಲದವಳಾದಳು. ನಾವು ಕಾರಣ ಕೇಳದೆ ಗದರಿಸಿದೆವು. ತಿಂಗಳ ತರುವಾಯ ಒಂದು ಸಂಜೆ ಅವಳು ಅಳುತ್ತ ಎಲ್ಲವನ್ನೂ ತಿಳಿಸಿದಳು. ಇಷ್ಟು ದಿನ ಏಕೆ ಹೇಳಲಿಲ್ಲವೆಂದು ಕೇಳಲು, “ಅಕ್ಕೋರೆ, ಹೇಳಿದ್ರ ಸಾಲಿ ಬಿಡಸ್ತಾರ್ರಿ” ಎಂದಳು. ಆ ಒಂದು ಮಾತೇ ನಮಗೆ ಪಾಠವಾಯಿತು.

ಮೊದಲನೆಯ ತಡೆ ಇದೇ. ತಪ್ಪು ಮಾಡಿದವನು ಊರಲ್ಲಿ ತಿರುಗಾಡುವನು. ಹೇಳಿದವಳು ಮನೆಯೊಳಗೆ ಕೂಡ್ರುವಳು. ಬಳಿಕ ಮದುವೆಯ ಮಾತು ಹುಟ್ಟುವುದು. 18 ತುಂಬದವಳ ಮದುವೆಯನ್ನು 2006ರ ಕಾಯಿದೆಯು ನಿಷೇಧಿಸಿದ್ದರೂ, ಅದನ್ನೇ ರಕ್ಷಣೆಯೆಂದು ತಿಳಿಯುವ ಹಿರಿಯರು ಇನ್ನೂ ಇದ್ದಾರೆ.

ಎರಡನೆಯದು, ಮೌನದ ರೂಢಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹಿಂಸೆಗೊಳಗಾದ 100 ಸ್ತ್ರೀಯರಲ್ಲಿ 14 ಮಂದಿ ಮಾತ್ರ ನೆರವು ಬೇಡಿದ್ದರು. 77 ಮಂದಿ ಯಾರೊಡನೆಯೂ ಬಾಯಿಬಿಟ್ಟಿರಲಿಲ್ಲ. ತಾಯಿಯೇ ಸಹಿಸಿ ಸುಮ್ಮನಿರುವುದನ್ನು ಕಂಡ ಮಗಳು ಮಾತಾಡಲು ಯಾರಿಂದ ಕಲಿತಾಳು?

ಮೂರನೆಯದು, ಪರಿಚಯದ ಕಣ್ಣುಗಳು. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಸ್ತ್ರೀಯರಿಗೆ ಟಿಕೇಟಿನ ಹಣ ಬೇಕಿಲ್ಲ. ಆದರೂ ಗದಗಿನ ಸಖಿ ಕೇಂದ್ರಕ್ಕೆ ಹೋಗಿಬರಲು ಒಂದು ದಿನ ಬೇಕು. ಮನೆಯಲ್ಲಿ ಹೇಳಲು ಒಂದು ನೆವ ಬೇಕು. ಬಸ್ಸಿನಲ್ಲಿ ಊರವರೇ ಇರುತ್ತಾರೆ.

ನಾಲ್ಕನೆಯದು, ಹೇಳಿದರೂ ನಂಬುವರೋ ಇಲ್ಲವೋ ಎಂಬ ಸಂಶಯ. ಈ ಸಂಶಯಕ್ಕೆ ಆಧಾರವಿಲ್ಲವೆನ್ನಲಾಗದು. 2024ರ ಮೇ 15ರಂದು ಹುಬ್ಬಳ್ಳಿಯಲ್ಲಿ 20 ವರ್ಷದ ತರುಣಿಯೊಬ್ಬಳು ತನ್ನ ಮನೆಯಲ್ಲಿಯೇ ಕೊಲೆಯಾದಳು. ಬೆದರಿಕೆಯ ಸಂಗತಿಯನ್ನು ಮುಂಚೆಯೇ ಪೋಲೀಸರಿಗೆ ತಿಳಿಸಿದ್ದರೂ ಅವರು ಲಕ್ಷ್ಯಗೊಡಲಿಲ್ಲವೆಂದು ಮನೆಯವರು ದೂರಿದರು, ಅಧಿಕಾರಿಗಳು ಅಮಾನತಾದರು. ಆದರೆ ಹೋದ ಜೀವ ಬರಲಿಲ್ಲ.

ಹಾಗಾದರೆ ದಾರಿಯಿಲ್ಲವೇ? ಉಂಟು. 18ರೊಳಗಿನ ಹುಡುಗ ಹುಡುಗಿಯರಿಬ್ಬರನ್ನೂ ಲೈಂಗಿಕ ಅಪರಾಧಗಳಿಂದ ಕಾಯಲು 2012ರ ಪೋಕ್ಸೋ ಕಾಯಿದೆಯಿದೆ. ಅದರಂತೆ ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಲಾಗದು. ಪತ್ರಿಕೆಗಳು ಹೆಸರನ್ನಾಗಲಿ, ಶಾಲೆಯನ್ನಾಗಲಿ ಪ್ರಕಟಿಸಲಾಗದು. ಅಪರಾಧವನ್ನು ತಿಳಿದೂ ವರದಿ ಮಾಡದ ದೊಡ್ಡವರಿಗೆ 6 ತಿಂಗಳವರೆಗೆ ಸೆರೆಯುಂಟು. ಹೇಳದಿದ್ದ ಮಗುವಿಗೆ ಶಿಕ್ಷೆಯಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಂತೆ ಕೃತ್ಯವು ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ತಮ್ಮೂರ ಠಾಣೆಯ ಮೆಟ್ಟಿಲನ್ನೇ ಹತ್ತಬೇಕೆಂದಿಲ್ಲ. ಮಕ್ಕಳಿಗೆ 1098, ಸ್ತ್ರೀಯರಿಗೆ 181, ತುರ್ತಿಗೆ 112 ಎಂಬ ಸಂಖ್ಯೆಗಳಿಗೆ ಫೋನು ಮಾಡಬಹುದು.

ಆದರೆ ಕಾಯಿದೆಯ ಬಾಗಿಲು ತೆರೆಯುವುದಕ್ಕೆ ಮುಂಚೆ ಮನೆಯ ಬಾಗಿಲು ತೆರೆಯಬೇಕು. ಮಗಳು ಹೇಳತೊಡಗಿದಾಗ ನಡುವೆ ಬಾಯಿ ಹಾಕಬೇಡಿರಿ. “ನೀನು ಅಲ್ಲಿಗೆ ಏಕೆ ಹೋದೆ?” ಎಂದು ಕೇಳಬೇಡಿರಿ. ಯಾರಿಗೂ ತಿಳಿಸುವುದಿಲ್ಲವೆಂದು ಭಾಷೆ ಕೊಡಬೇಡಿರಿ, ಅದನ್ನು ನಡೆಸಲಾಗದು. ಯಾರಿಗೆ ತಿಳಿಸುವೆವೆಂಬುದನ್ನು ಅವಳಿಗೆ ಮೊದಲೇ ಹೇಳಿರಿ. ದವಾಖಾನೆಗೆ ಹೋಗುವುದಕ್ಕೆ ತಡಮಾಡಬೇಡಿರಿ; ಸರಕಾರಿಯಾಗಲಿ ಖಾಸಗಿಯಾಗಲಿ, ಅತ್ಯಾಚಾರಕ್ಕೊಳಗಾದವರಿಗೆ ಉಚಿತ ಚಿಕಿತ್ಸೆ ಕೊಡಲೇಬೇಕು.

ಎಲ್ಲಕ್ಕೂ ಮೊದಲು ಆಡಬೇಕಾದ ಮಾತೊಂದಿದೆ: “ನಿನ್ನ ತಪ್ಪಿಲ್ಲ, ನಿನ್ನ ಸಾಲಿ ನಿಲ್ಲುವುದಿಲ್ಲ.” ಏನೂ ನಡೆಯದಿರುವ ಈ ದಿನವೇ ಅದನ್ನು ನಿಮ್ಮ ಮಗಳಿಗೆ, ತಂಗಿಗೆ, ನೆರೆಮನೆಯ ಹುಡುಗಿಗೆ ಹೇಳಿಡಿರಿ. ನಮ್ಮ ಆ ವಿದ್ಯಾರ್ಥಿನಿಗೆ ಈ ಮಾತು ಒಂದು ತಿಂಗಳು ತಡವಾಗಿ ಸಿಕ್ಕಿತು. ಇನ್ನೊಬ್ಬಳಿಗೆ ಹಾಗಾಗದಿರಲಿ.