ಆಕ್ಸಿಯಾನಿನ ಅನ್ವೇಷಣೆಗೆ ಅನುರಣನ ಕುಹರ

ಗೆಲಾಕ್ಸಿಗಳ ಹೊರ ಅಂಚಿನ ನಕ್ಷತ್ರಗಳು ಸುತ್ತುವ ವೇಗವನ್ನು ಅಳೆದರೆ, ಕಣ್ಣಿಗೆ ಕಾಣುವ ದ್ರವ್ಯದ ಗುರುತ್ವವೊಂದೇ ಅವನ್ನು ಹಿಡಿದಿಡಲು ಸಾಲದೆಂಬುದು ವ್ಯಕ್ತವಾಗುತ್ತದೆ. ಬೆಳಕು ಬೀರದ ಉಳಿದ ದ್ರವ್ಯಕ್ಕೆ ಕೃಷ್ಣದ್ರವ್ಯವೆಂದು ಹೆಸರು. ಅದು ಆಕ್ಸಿಯಾನ್ ಎಂಬ ಅತಿ ಹಗುರವಾದ ಕಣಗಳಿಂದ ಕೂಡಿರಬಹುದೆಂಬುದು ಒಂದು ಊಹೆ. ಅಂಥ ಕಣವನ್ನು ಹಿಡಿಯುವ ಬಗೆ ಹೇಗೆ?

೧೯೮೩ರಲ್ಲಿ ಪಿಯೆರ್ ಸಿಕಿವಿ ಎಂಬ ಭೌತವಿಜ್ಞಾನಿ ಇದಕ್ಕೊಂದು ಉಪಾಯವನ್ನು ಸೂಚಿಸಿದರು. ಪ್ರಬಲವಾದ ಕಾಂತಕ್ಷೇತ್ರದಲ್ಲಿ ಆಕ್ಸಿಯಾನು ಫೋಟಾನಾಗಿ ಮಾರ್ಪಡಬಲ್ಲದು. ಆ ಕ್ಷೇತ್ರದಲ್ಲಿ ತಾಮ್ರದ ಟೊಳ್ಳು ಉರುಳೆಯೊಂದನ್ನಿಟ್ಟು, ಅದರ ಸಹಜ ಆವರ್ತಾಂಕವನ್ನು ಫೋಟಾನಿನ ಆವರ್ತಾಂಕಕ್ಕೆ ಹೊಂದಿಸಿದರೆ, ದೊರೆಯುವ ಶಕ್ತಿ ಬಹುಪಟ್ಟು ಹೆಚ್ಚುತ್ತದೆ. ಶ್ರುತಿಗೂಡಿದ ತಂತಿ ಪಕ್ಕದ ತಂತಿಯ ನಾದಕ್ಕೆ ತಾನೇ ಮಿಡಿಯುವಂತೆಯೇ ಇದು.

ಉರುಳೆಯ ಗಾತ್ರವನ್ನು ಲೆಕ್ಕಹಾಕೋಣ. ಆಕ್ಸಿಯಾನಿನ ರಾಶಿಗೆ ಸಮನಾದ ಶಕ್ತಿ ೪.೧ ಮೈಕ್ರೋ ಎಲೆಕ್ಟ್ರಾನ್‌ವೋಲ್ಟ್ ಆಗಿರಲಿ. ಪ್ಲಾಂಕನ ಸ್ಥಿರಾಂಕದಿಂದ ಭಾಗಿಸಿದರೆ ಆವರ್ತಾಂಕವು ಸೆಕೆಂಡಿಗೆ ಸುಮಾರು ೧೦೦ ಕೋಟಿ. ಉರುಳೆಯ ಅತ್ಯಂತ ಸರಳ ಕಂಪನದಲ್ಲಿ ವಿದ್ಯುತ್‌ಕ್ಷೇತ್ರವು ಅಕ್ಷಕ್ಕೆ, ಎಂದರೆ ಹೊರಗಿನ ಕಾಂತಕ್ಷೇತ್ರಕ್ಕೆ, ಸಮಾಂತರವಾಗಿರುತ್ತದೆ. ಇದಕ್ಕೆ ಬೇಕಾದ ತ್ರಿಜ್ಯವು, ಬೆಳಕಿನ ವೇಗದ ೨.೪೦೫ ಪಟ್ಟನ್ನು ಆವರ್ತಾಂಕದ ೨π ಪಟ್ಟಿನಿಂದ ಭಾಗಿಸಿದಷ್ಟು, ಸುಮಾರು ೧೧.೫ ಸೆಂಟಿಮೀಟರು.

ತೊಡಕಿರುವುದು ಇಲ್ಲಿಯೇ. ರಾಶಿ ಹತ್ತು ಪಟ್ಟಾದರೆ ತ್ರಿಜ್ಯವು ಹತ್ತರಲ್ಲೊಂದು ಪಾಲಾಗಬೇಕು. ಉದ್ದವೂ ಅದೇ ಪ್ರಮಾಣದಲ್ಲಿ ಕುಗ್ಗಿದರೆ ಘನಗಾತ್ರ ಸಾವಿರದಲ್ಲೊಂದು ಪಾಲು. ದೊರೆಯುವ ಶಕ್ತಿ ಘನಗಾತ್ರವನ್ನೂ ಅವಲಂಬಿಸಿರುವುದರಿಂದ ಇದು ದೊಡ್ಡ ನಷ್ಟ. ದೊಡ್ಡ ಉರುಳೆಯಲ್ಲೇ ಮೇಲಿನ ಕಂಪನಗಳನ್ನು ಬಳಸೋಣವೆಂದರೆ, ಅವುಗಳಲ್ಲಿ ವಿದ್ಯುತ್‌ಕ್ಷೇತ್ರವು ಭಾಗಭಾಗಕ್ಕೂ ದಿಕ್ಕು ಬದಲಿಸಿ ಫಲವನ್ನು ಬಹುಮಟ್ಟಿಗೆ ಅಳಿಸಿಹಾಕುತ್ತದೆ.

ಎರಡನೆಯ ತೊಡಕು ಉಷ್ಣದ ಗದ್ದಲ. ನಿರೀಕ್ಷಿತ ಸಂಕೇತ ಸುಮಾರು ೧೦⁻²³ ವ್ಯಾಟ್ ಮಾತ್ರ. ಗದ್ದಲವು ತಾಪಕ್ಕೆ ಅನುಪಾತದಲ್ಲಿಯೂ, ಅದರಿಂದ ಸಂಕೇತವನ್ನು ಬೇರ್ಪಡಿಸಲು ಬೇಕಾದ ಕಾಲವು ತಾಪದ ವರ್ಗಕ್ಕೆ ಅನುಪಾತದಲ್ಲಿಯೂ ಬೆಳೆಯುತ್ತವೆ. ೦.೧ ಕೆಲ್ವಿನ್‌ನಲ್ಲಿ ೧೦ ಸೆಕೆಂಡು ಹಿಡಿಯುವ ಕೆಲಸಕ್ಕೆ ೩೦೦ ಕೆಲ್ವಿನ್‌ನಲ್ಲಿ ಸುಮಾರು ೩ ವರ್ಷ ಬೇಕು! ಆದ್ದರಿಂದಲೇ ಶೈತ್ಯಯಂತ್ರವು ಈ ಉಪಕರಣದ ಅನಿವಾರ್ಯ ಅಂಗ.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಎ.ಡಿ.ಎಂ.ಎಕ್ಸ್. ಪ್ರಯೋಗದಲ್ಲಿ, ಕುಹರದೊಳಗಿನ ಲೋಹದಂಡಗಳನ್ನು ಮೆಲ್ಲಮೆಲ್ಲನೆ ಸರಿಸಿ ಶ್ರುತಿಯನ್ನು ಬದಲಿಸುತ್ತಾರೆ. ೨೦೧೮ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ೨.೭ ಮೈಕ್ರೋ ಎಲೆಕ್ಟ್ರಾನ್‌ವೋಲ್ಟಿನ ಆಸುಪಾಸಿನಲ್ಲಿ ಆಕ್ಸಿಯಾನು ಕಾಣಲಿಲ್ಲ. ಆದರೆ ಪ್ರಮುಖ ಸಿದ್ಧಾಂತವೊಂದು ಹೇಳುವಷ್ಟು ಕ್ಷೀಣವಾದ ಸಂಕೇತವಿದ್ದರೂ ಅದು ಅಲ್ಲಿ ಸಿಕ್ಕಿಬೀಳುತ್ತಿತ್ತು. ಎಲ್ಲಿ ಇಲ್ಲವೆಂದು ನಿಶ್ಚಯವಾಯಿತೋ ಅಲ್ಲಿ ಮತ್ತೆ ಹುಡುಕಬೇಕಾಗಿಲ್ಲ. ಶೋಧದ ಕ್ಷೇತ್ರವು ಅಷ್ಟರಮಟ್ಟಿಗೆ ಕಿರಿದಾಯಿತು.