ತುಡುವೆಗೆ ಲಕ್ಕಿ ಬೇಲಿ: ಬಾಗೂರಿನ ತೋಟದ ಪಾಠಗಳು

ಬಾಗೂರಿನ ಸುತ್ತ ತೆಂಗಿನ ತೋಟವಿದ್ದು ತುಡುವೆ ಜೇನು ಸಾಕುವ ಆಸೆಯಿರುವವರು ಪೆಟ್ಟಿಗೆ ತರುವ ಮೊದಲು ಬೇಲಿ ನೋಡಿಕೊಳ್ಳಬೇಕು. ಹುಳು ನಿಲ್ಲುವುದೋ ಹಾರಿಹೋಗುವುದೋ ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ. ನಮ್ಮ ಬೇಲಿಯ ಲಕ್ಕಿ ಗಿಡ ಕಲಿಸಿದ ಪಾಠಗಳಿವು.

1. ಹೂವೆಲ್ಲ ಮೇವಲ್ಲ. ನಮ್ಮ ಸುತ್ತಲಿನ ಹೊಸದುರ್ಗದ ಗುಡ್ಡಗಳಲ್ಲಿ ತಂಗಡಿ ಗಿಡ ಹಳದಿಯಾಗಿ ತುಂಬಿ ಅರಳುತ್ತದೆ. ಆದರೆ ಅದರಲ್ಲಿ ಮಕರಂದವಿಲ್ಲ. ಪರಾಗವೂ ಕೇಸರದ ತುದಿಯ ಸಣ್ಣ ರಂಧ್ರದಿಂದ ಉದುರಬೇಕು. ಹೂವನ್ನು ತಬ್ಬಿ ಗುಂಯ್‌ಗುಟ್ಟಿ ನಡುಗಿಸುವ ದುಂಬಿಗೆ ಅದು ದಕ್ಕುತ್ತದೆ, ತುಡುವೆಗೆ ಆ ವಿದ್ಯೆಯಿಲ್ಲ. ಅಲ್ಲೇ ಬೆಳೆಯುವ ಬಂದರಿಕೆ ಗಿಡದ ಪರಾಗವಂತೂ ಗಾಳಿಗೆ ಹಾರುವಂಥದ್ದು. ಲಕ್ಕಿಯ ನಸುನೀಲಿ ಹೂವು ಪುಟ್ಟದಾದರೂ ತುಡುವೆಯ ನಾಲಿಗೆಗೆ ಮಕರಂದ ಎಟಕುತ್ತದೆ, ಪರಾಗವೂ ಸಿಗುತ್ತದೆ.

2. ತೆಂಗು ಒಂದೇ ಸಾಲದು. ಹೊಂಬಾಳೆ ವರ್ಷವಿಡೀ ಒಡೆಯುವುದರಿಂದ ಪರಾಗಕ್ಕೆ ಬರವಿಲ್ಲ. ಆದರೆ ಪರಾಗ ಮರಿಗಳ ಆಹಾರ. ದುಡಿಯುವ ಹುಳುವಿಗೆ ಬಲ ಕೊಡುವುದು ಮಕರಂದ. ಮಳೆಗಾಲದಲ್ಲಿ ಅದು ತೀರಾ ಕಡಿಮೆಯಾದರೆ ಇಡೀ ಸಂಸಾರ ಪೆಟ್ಟಿಗೆ ಬಿಟ್ಟು ಹೋಗುತ್ತದೆ. ಲಕ್ಕಿ ಹೆಚ್ಚಾಗಿ ಹೂ ಬಿಡುವುದು ಅದೇ ಕಾಲದಲ್ಲಿ.

3. ಸಸಿ ಕೊಳ್ಳಬೇಕಿಲ್ಲ. ಹಳ್ಳದ ದಂಡೆಯ ಲಕ್ಕಿಯಿಂದ ಹೆಬ್ಬೆರಳ ಗಾತ್ರದ ಬಲಿತ ಕಡ್ಡಿ ಕಡಿದು, ಮುಂಗಾರಿನ ಹದಕ್ಕೆ ಊರಿದರೆ ಸಾಕು. ಸೊಪ್ಪಿನ ಘಾಟಿಗೆ ದನ, ಮೇಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ.

4. ಒಮ್ಮೆಗೇ ಸವರಬೇಡಿ. ಹೂಗೊಂಚಲು ಬರುವುದು ಚಿಗುರಿನ ತುದಿಯಲ್ಲಿ. ಮಳೆಗಾಲದ ನಡುವೆ ಬೇಲಿ ಸವರಿದರೆ ಹುಳುವಿನ ಮೇವೇ ಹೋದಂತೆ. ಹೂ ಮುಗಿದ ಮೇಲೆ ಒಂದು ಮಗ್ಗುಲು ಈ ವರ್ಷ, ಇನ್ನೊಂದು ಮುಂದಿನ ವರ್ಷ ಸವರಿ. ಸವರಿದ ಸೊಪ್ಪನ್ನು ಒಣಗಿಸಿ, ನುಸಿ ಬೀಳದಂತೆ ಕಾಳಿನ ಜೊತೆ ಇಡುವುದು ಹಿರಿಯರಿಂದ ಬಂದ ಪದ್ಧತಿ.

5. ಔಷಧಿ ಹೊಡೆಯುವ ಹೊತ್ತು ಗೊತ್ತಿರಲಿ. ಪಕ್ಕದ ದಾಳಿಂಬೆ ತೋಟದವರ ಜೊತೆ ಕೂತು ಮಾತಾಡಿ. ಹೂವಿನ ಮೇಲೆ ಕೀಟನಾಶಕ ಬೇಡ. ಹೊಡೆಯಲೇಬೇಕಾದರೆ ಹೊತ್ತು ಮುಳುಗಿ ಹುಳು ಗೂಡು ಸೇರಿದ ಮೇಲೆ. ಬೇಲಿಯ ಕಡೆ ಹನಿ ಹಾರದಿರಲಿ. ದಾಳಿಂಬೆ ಕಾಯಿ ಕಚ್ಚುವುದಕ್ಕೂ ಜೇನಿನ ನೆರವಿದೆ ಎಂದು ತಿಳಿಸಿದರೆ ಅವರೂ ಒಪ್ಪುತ್ತಾರೆ.

6. ಲಕ್ಕಿಯ ಮಕರಂದ ಹುಳುವಿಗೇ ಬಿಡಿ. ಮಳೆಗಾಲದಲ್ಲಿ ತುಪ್ಪ ತೆಗೆಯಬೇಡಿ, ಮರಿಗಳಿರುವ ಸಂಸಾರ ಕೋಣೆಯ ತುಪ್ಪವನ್ನಂತೂ ಯಾವತ್ತೂ ಮುಟ್ಟಬೇಡಿ. ಆಗ ಉಂಡು ಬಲವಾದ ಸಂಸಾರವೇ ಬೇಸಿಗೆಯಲ್ಲಿ ಹೊಂಗೆ, ಬೇವು ಅರಳಿದಾಗ ಜೇನು ಕೋಣೆ ತುಂಬುತ್ತದೆ. ಅದರಲ್ಲಿ ಮುಚ್ಚಳ ಬಿದ್ದ ಎರಿಯ ತುಪ್ಪವಷ್ಟೇ ನಮ್ಮ ಪಾಲು.